ಮಾನವ ಕೇಂದ್ರಿತ ಗಣಕ ವ್ಯವಸ್ಥೆ: ಅರ್ಜಿದಾರರ ಚಟುವಟಿಕೆ ಮತ್ತು ಸಂದರ್ಭವನ್ನು ಅರಿಯುವ ಬಗೆ

ಪೀಠಿಕೆ

ಸರ್ಕಾರಿ ಸೇವೆಗಳಿಗಾಗಿ ನಾಗರಿಕರು ಸಲ್ಲಿಸುವ ಅರ್ಜಿಗಳ ಬಹುಪಾಲು ಇಂದು ಗಣಕಯಂತ್ರದ ಮೂಲಕವೇ ವಿಲೇವಾರಿಯಾಗುತ್ತಿದೆ. ಜಾತಿ ಮತ್ತು ಆದಾಯ ಪ್ರಮಾಣಪತ್ರ, ಪಹಣಿ, ಖಾತೆ ಬದಲಾವಣೆ, ಸಾಮಾಜಿಕ ಭದ್ರತಾ ಪಿಂಚಣಿ, ಪಡಿತರ ಚೀಟಿ ಮೊದಲಾದವು ಇದಕ್ಕೆ ಉದಾಹರಣೆಗಳು. ಅರ್ಜಿದಾರರು ನಾಡಕಚೇರಿಯ ಕೌಂಟರಿನ ಮುಂದೆ ನಿಂತಿರಲಿ, ಗ್ರಾಮ ಒನ್ ಕೇಂದ್ರದಲ್ಲಿ ಕುಳಿತಿರಲಿ, ಮನೆಯಲ್ಲಿಯೇ ಮೊಬೈಲ್ ದೂರವಾಣಿಯನ್ನು ಹಿಡಿದಿರಲಿ, ಅವರಿಗೂ ಇಲಾಖೆಗೂ ನಡುವೆ ಒಂದು ಪರದೆ ಇರುತ್ತದೆ. ಆ ಪರದೆಯಲ್ಲಿ ಯಾವ ಪ್ರಶ್ನೆ ಮೊದಲು ಬರಬೇಕು, ಯಾವ ಉತ್ತರವನ್ನು ಅಂಗೀಕರಿಸಬೇಕು, ಯಾವುದನ್ನು ತಿರಸ್ಕರಿಸಬೇಕು ಎಂಬುದನ್ನು ಯಾರೋ ಒಬ್ಬರು, ಬಹುಶಃ ಅರ್ಜಿದಾರರನ್ನು ಎಂದೂ ಕಾಣದವರು, ಮೊದಲೇ ನಿರ್ಧರಿಸಿರುತ್ತಾರೆ.

ಮನುಷ್ಯರು ತಮ್ಮ ಕೆಲಸವನ್ನು ವಾಸ್ತವವಾಗಿ ಹೇಗೆ ಮಾಡುತ್ತಾರೆ, ಯಾರೊಡನೆ ಮಾಡುತ್ತಾರೆ, ಯಾವ ಪರಿಸ್ಥಿತಿಯಲ್ಲಿ ಮಾಡುತ್ತಾರೆ ಎಂಬುದನ್ನು ಅರಿತು, ಅದಕ್ಕೆ ತಕ್ಕಂತೆ ಗಣಕ ವ್ಯವಸ್ಥೆಯನ್ನು ರೂಪಿಸಬೇಕೆಂದು ಹೇಳುವ ಅಧ್ಯಯನ ಶಾಖೆಯನ್ನು ಮಾನವ ಕೇಂದ್ರಿತ ಗಣಕ ವಿಜ್ಞಾನ ಎಂದು ಕರೆಯಲಾಗುತ್ತದೆ. ಇದು ತಜ್ಞರಿಗಷ್ಟೇ ಸಂಬಂಧಿಸಿದ ವಿಷಯವೆಂದು ತೋರಬಹುದು. ಆದರೆ ಅರ್ಜಿಯೊಂದು ಹಿಂದಿರುಗಿದಾಗ ಅದಕ್ಕೆ ಅರ್ಜಿದಾರರ ಅನರ್ಹತೆಯೇ ಕಾರಣವಾಗಿರಬೇಕೆಂದಿಲ್ಲ. ಸಿಬ್ಬಂದಿಯ ಉದಾಸೀನವೂ ಕಾರಣವಾಗಿರಬೇಕೆಂದಿಲ್ಲ. ವ್ಯವಸ್ಥೆಯನ್ನು ರೂಪಿಸಿದವರ ಊಹೆ ಮತ್ತು ಅರ್ಜಿದಾರರ ಬದುಕು ಒಂದಕ್ಕೊಂದು ಹೊಂದದಿರುವುದರಿಂದಲೂ ಹೀಗಾಗುತ್ತದೆ. ಈ ಮೂರು ಕಾರಣಗಳನ್ನು ಬೇರ್ಪಡಿಸಿ ನೋಡಲು ಬಲ್ಲ ಅರ್ಜಿದಾರರಿಗೆ ಮುಂದೆ ಎಲ್ಲಿಗೆ ಹೋಗಬೇಕು, ಏನನ್ನು ಕೇಳಬೇಕು ಎಂಬುದು ಸ್ಪಷ್ಟವಾಗುತ್ತದೆ. ಈ ಲೇಖನವನ್ನು ಆ ಉದ್ದೇಶದಿಂದ ಸಿದ್ಧಪಡಿಸಲಾಗಿದೆ.

ಯಂತ್ರಕ್ಕೆ ಕಾಣುವುದೆಷ್ಟು?

ನಮ್ಮ ಊರುಗಳಲ್ಲಿ ನಕಲು ಪ್ರತಿ ತೆಗೆಯುವ ಕೆಲಸಕ್ಕೇ ಜೆರಾಕ್ಸ್ ಎಂಬ ಹೆಸರು ನಿಂತುಹೋಗಿದೆ. ಆ ಹೆಸರಿನ ಸಂಸ್ಥೆಯು ಅಮೆರಿಕದ ಪಾಲೋ ಆಲ್ಟೊ ನಗರದಲ್ಲಿ ನಡೆಸುತ್ತಿದ್ದ ಸಂಶೋಧನಾ ಕೇಂದ್ರದಲ್ಲಿ ಲೂಸಿ ಸಚ್‌ಮನ್ ಎಂಬ ಮಾನವಶಾಸ್ತ್ರಜ್ಞೆ 1980ರ ದಶಕದಲ್ಲಿ ಒಂದು ಅಧ್ಯಯನವನ್ನು ಕೈಗೊಂಡರು. ಬಳಕೆದಾರರಿಗೆ ಹಂತಹಂತವಾಗಿ ಸೂಚನೆ ನೀಡಬಲ್ಲ ನಕಲು ಯಂತ್ರವೊಂದರ ಮುಂದೆ ಇಬ್ಬಿಬ್ಬರನ್ನು ನಿಲ್ಲಿಸಿ, ಅವರ ಮಾತು ಮತ್ತು ಚಲನವಲನಗಳನ್ನು ಚಿತ್ರೀಕರಿಸಲಾಯಿತು. ಯಂತ್ರವನ್ನು ಬಳಸಲು ಹೆಣಗಿದವರಲ್ಲಿ ನುರಿತ ವಿಜ್ಞಾನಿಗಳೂ ಇದ್ದರು. ಈ ಅಧ್ಯಯನವನ್ನು ಒಳಗೊಂಡ ಅವರ ಗ್ರಂಥವು 1987ರಲ್ಲಿ ಪ್ರಕಟವಾಯಿತು.

ಸಚ್‌ಮನ್ ಅವರು ಚಿತ್ರೀಕರಿಸಿದ್ದನ್ನು ನಾಲ್ಕು ಅಂಕಣಗಳಲ್ಲಿ ಬರೆದುಕೊಂಡರು. ಬಳಕೆದಾರರು ಮಾಡಿದ, ಆದರೆ ಯಂತ್ರಕ್ಕೆ ತಿಳಿಯದ ಕ್ರಿಯೆಗಳು ಒಂದರಲ್ಲಿ. ಯಂತ್ರಕ್ಕೆ ತಿಳಿದ ಕ್ರಿಯೆಗಳು ಇನ್ನೊಂದರಲ್ಲಿ. ಯಂತ್ರವು ಬಳಕೆದಾರರಿಗೆ ತೋರಿಸಿದ್ದು ಮೂರನೆಯದರಲ್ಲಿ. ಹಾಗೆ ತೋರಿಸಲು ವಿನ್ಯಾಸಕಾರರಿಗಿದ್ದ ಕಾರಣ ನಾಲ್ಕನೆಯದರಲ್ಲಿ. ಮೊದಲ ಅಂಕಣ ತುಂಬಿ ಹರಿಯುತ್ತಿತ್ತು. ಎರಡನೆಯದು ಬಹುತೇಕ ಖಾಲಿ. ಗುಂಡಿ ಒತ್ತಿದ್ದು, ಮುಚ್ಚಳ ತೆರೆದದ್ದು, ಇಂತಹ ಕೆಲವು ಸಂಗತಿಗಳಷ್ಟೇ ಯಂತ್ರದ ಅರಿವಿಗೆ ಬರುತ್ತಿದ್ದವು. ಬಳಕೆದಾರರು ಪರಸ್ಪರ ಕೇಳಿಕೊಂಡ ಪ್ರಶ್ನೆ, ಪಟ್ಟ ಅನುಮಾನ, ಸೂಚನೆಯನ್ನು ಬೇರೆಯಾಗಿ ಅರ್ಥೈಸಿಕೊಂಡದ್ದು ಯಾವುದೂ ಅದಕ್ಕೆ ತಲುಪುತ್ತಿರಲಿಲ್ಲ. ಆದಕಾರಣ ತಪ್ಪು ಹೆಜ್ಜೆಯನ್ನು ಸರಿಯಾದ ಹೆಜ್ಜೆಯೆಂದೇ ಎಣಿಸಿ ಯಂತ್ರವು ಮುಂದಿನ ಸೂಚನೆಯನ್ನು ನೀಡುತ್ತಿದ್ದ ಪ್ರಸಂಗಗಳಿದ್ದವು. ಬಳಕೆದಾರರೂ ತಾವು ಸರಿದಾರಿಯಲ್ಲಿದ್ದೇವೆಂದು ನಂಬಿ ಮುಂದುವರಿಯುತ್ತಿದ್ದರು.

ಸೇವಾ ಕೌಂಟರಿನ ಮುಂದೆಯೂ ಈ ನಾಲ್ಕು ಅಂಕಣಗಳನ್ನು ಎಳೆದು ನೋಡಬಹುದು. ಒಬ್ಬ ವೃದ್ಧೆ ಪಿಂಚಣಿಗಾಗಿ ಅರ್ಜಿ ಸಲ್ಲಿಸಲು ಬಂದಿದ್ದಾರೆ ಎನ್ನೋಣ. ತಮ್ಮ ವಯಸ್ಸನ್ನು ಕೇಳಿದಾಗ ಅವರು ಹಿರಿಯ ಮಗನ ವಯಸ್ಸಿನಿಂದ ಲೆಕ್ಕ ಹಾಕಿ ಹೇಳುತ್ತಾರೆ. ಜೊತೆಗೆ ಬಂದ ಮೊಮ್ಮಗ ಅದನ್ನು ತಿದ್ದುತ್ತಾನೆ. ಸಿಬ್ಬಂದಿಯು ಆಧಾರ್ ಚೀಟಿಯಲ್ಲಿರುವುದನ್ನೇ ನಮೂದಿಸಬೇಕಾಗುತ್ತದೆ ಎನ್ನುತ್ತಾರೆ. ಐದು ನಿಮಿಷಗಳ ಈ ಮಾತುಕತೆಯೆಲ್ಲ ಮೊದಲ ಅಂಕಣಕ್ಕೆ ಸೇರಿದ್ದು. ಎರಡನೆಯ ಅಂಕಣದಲ್ಲಿ ಉಳಿಯುವುದು ಹುಟ್ಟಿದ ದಿನಾಂಕವೆಂಬ ಎಂಟು ಅಂಕಿಗಳು ಮಾತ್ರ. ಮುಂದೆ ಆ ಕಡತವನ್ನು ಪರಿಶೀಲಿಸುವ ಅಧಿಕಾರಿಗೆ ಕಾಣುವುದೂ ಆ ಎಂಟು ಅಂಕಿಗಳೇ. ಹೇಳಿದ್ದೇವಲ್ಲ ಎಂದು ಅರ್ಜಿದಾರರು ಭಾವಿಸುವುದಕ್ಕೂ ದಾಖಲೆಯಲ್ಲಿ ಏನೂ ಇಲ್ಲವಲ್ಲ ಎಂದು ಅಧಿಕಾರಿಯು ಭಾವಿಸುವುದಕ್ಕೂ ನಡುವಿನ ಅಂತರ ಹುಟ್ಟುವುದು ಇಲ್ಲಿಯೇ.

ಚಟುವಟಿಕೆ, ಕ್ರಿಯೆ, ಕಾರ್ಯ

ಮನುಷ್ಯನ ಕೆಲಸವನ್ನು ಅರಿಯಲು ಸಂಶೋಧಕರು ಆಶ್ರಯಿಸುವ ಸಿದ್ಧಾಂತಗಳಲ್ಲಿ ಚಟುವಟಿಕೆ ಸಿದ್ಧಾಂತವು ಪ್ರಮುಖವಾದುದು. ಇದರ ಮೂಲವು ಸೋವಿಯತ್ ಮನೋವಿಜ್ಞಾನಿಗಳಾದ ಲೆವ್ ವೈಗಾಟ್ಸ್ಕಿ ಮತ್ತು ಅಲೆಕ್ಸಿ ಲಿಯಾಂಟಿಯೆವ್ ಅವರ ಬರಹಗಳಲ್ಲಿದೆ. ಮನುಷ್ಯನ ಪ್ರತಿಯೊಂದು ಕೆಲಸದಲ್ಲಿಯೂ ಮೂರು ಸ್ತರಗಳಿವೆಯೆಂದು ಲಿಯಾಂಟಿಯೆವ್ ಪ್ರತಿಪಾದಿಸಿದರು. ಮೇಲಿನದು ಚಟುವಟಿಕೆ, ಇದಕ್ಕೆ ಒಂದು ಪ್ರೇರಣೆ ಇರುತ್ತದೆ. ನಡುವಿನದು ಕ್ರಿಯೆ, ಇದಕ್ಕೆ ಒಂದು ಗುರಿ ಇರುತ್ತದೆ. ಕೆಳಗಿನದು ಕಾರ್ಯ; ಇದು ಪರಿಸ್ಥಿತಿಗೆ ತಕ್ಕಂತೆ ಅಭ್ಯಾಸಬಲದಿಂದ ನಡೆಯುತ್ತದೆ. ಗುಂಪಾಗಿ ಬೇಟೆಯಾಡುವವರ ಉದಾಹರಣೆಯನ್ನು ಅವರು ನೀಡಿದ್ದಾರೆ. ಸದ್ದು ಮಾಡಿ ಪ್ರಾಣಿಗಳನ್ನು ಓಡಿಸುವವನ ಕ್ರಿಯೆಯನ್ನಷ್ಟೇ ನೋಡಿದರೆ, ಹಸಿದವನು ಆಹಾರವನ್ನೇ ದೂರ ಅಟ್ಟುತ್ತಿರುವಂತೆ ಕಾಣುತ್ತದೆ. ಆಚೆ ಬದಿಯಲ್ಲಿ ಹೊಂಚು ಹಾಕಿ ಕುಳಿತವರನ್ನೂ ಸೇರಿಸಿಕೊಂಡು ನೋಡಿದಾಗ ಮಾತ್ರ ಆ ಕ್ರಿಯೆಗೆ ಅರ್ಥ ಬರುತ್ತದೆ.

ಈ ಮಾತನ್ನು ಪೌತಿ ಖಾತೆಯ ಅರ್ಜಿಗೆ ಅನ್ವಯಿಸಿ ನೋಡುವುದು ಉಪಯುಕ್ತ. ಜಮೀನು ಮಾವನ ಹೆಸರಿನಲ್ಲಿದೆ. ಮಾವ ತೀರಿಕೊಂಡು ವರ್ಷಗಳಾಗಿವೆ. ಗಂಡನೂ ಈಗ ಇಲ್ಲ. ಪಹಣಿಯ 9ನೇ ಕಾಲಂನಲ್ಲಿ ಇನ್ನೂ ಮಾವನ ಹೆಸರೇ ಇದೆ. ಸೊಸೆಯಾದ ಅರ್ಜಿದಾರರು ಪರದೆಯ ಮುಂದೆ ಮಾಡುವ ಕಾರ್ಯವೆಂದರೆ ಹೆಸರು ಹೇಳುವುದು, ಬೆರಳೊತ್ತುವುದು, ದಾಖಲೆ ಕೊಡುವುದು. ಅವರ ಕ್ರಿಯೆ ಖಾತೆ ಬದಲಾವಣೆಗೆ ಅರ್ಜಿ ಸಲ್ಲಿಸುವುದು. ಆದರೆ ಅವರ ಚಟುವಟಿಕೆ ಅದಲ್ಲ. ಬಿತ್ತನೆಗೆ ಮೊದಲು ಸಹಕಾರ ಸಂಘದಿಂದ ಬೆಳೆ ಸಾಲ ಪಡೆಯುವುದು, ಬೆಳೆ ನಷ್ಟವಾದರೆ ಪರಿಹಾರ ತಮ್ಮ ಹೆಸರಿಗೇ ಬರುವಂತೆ ಮಾಡಿಕೊಳ್ಳುವುದು, ಮಕ್ಕಳೊಡನೆ ಆ ಊರಿನಲ್ಲಿಯೇ ನೆಲೆ ನಿಲ್ಲುವುದು ಅವರ ಚಟುವಟಿಕೆ. ವ್ಯವಸ್ಥೆಯು ಕ್ರಿಯೆಯನ್ನು ಮಾತ್ರ ಗುರುತಿಸಿ, ವಂಶವೃಕ್ಷದಲ್ಲಿ ಹೆಸರಿರುವ ಮೈದುನನ ದಾಖಲೆ ಇಲ್ಲವೆಂದು ಅರ್ಜಿಯನ್ನು ಹಿಂದಿರುಗಿಸಿದರೆ, ಲೆಕ್ಕದಲ್ಲಿ ಅದು ವಿಲೇವಾರಿಯಾದ ಒಂದು ಅರ್ಜಿ. ಆ ಮೈದುನ ಊರು ಬಿಟ್ಟು ಹತ್ತು ವರ್ಷವಾಗಿರಬಹುದು, ಅಥವಾ ಮಾತುಕತೆಯೇ ನಿಂತಿರಬಹುದು. ಇತ್ತ ಬಿತ್ತನೆಯ ಕಾಲ ಕಳೆದುಹೋಗಿರುತ್ತದೆ.

ಫಿನ್ಲೆಂಡಿನ ಯೂರ್ಯೋ ಎಂಗೆಸ್ಟ್ರೋಮ್ ಅವರು 1987ರಲ್ಲಿ ಈ ಸಿದ್ಧಾಂತವನ್ನು ವಿಸ್ತರಿಸಿ, ವ್ಯಕ್ತಿ ಮತ್ತು ಸಾಧನಗಳ ಜೊತೆಗೆ ಸಮುದಾಯ, ನಿಯಮ ಮತ್ತು ಕೆಲಸದ ಹಂಚಿಕೆಯನ್ನೂ ಪರಿಗಣಿಸಬೇಕೆಂದರು. ಗಣಕ ವಿನ್ಯಾಸದ ಕ್ಷೇತ್ರಕ್ಕೆ ಇದನ್ನು ತಂದವರಲ್ಲಿ ಡೆನ್ಮಾರ್ಕಿನ ಸುಸಾನ್ ಬೋಡ್ಕರ್ ಮತ್ತು ಅಮೆರಿಕದ ಬಾನಿ ನಾರ್ಡಿ ಪ್ರಮುಖರು.

ಸಂದರ್ಭ ಎಂದರೇನು?

ಸಂದರ್ಭ ಎಂಬ ಪದಕ್ಕೆ ಈ ಕ್ಷೇತ್ರದಲ್ಲಿ ಎರಡು ಬಗೆಯ ಅರ್ಥಗಳು ಬಳಕೆಯಲ್ಲಿವೆ. ಒಂದು ವಸ್ತು ಅಥವಾ ವ್ಯಕ್ತಿಯ ಸ್ಥಿತಿಯನ್ನು ವಿವರಿಸಲು ಬಳಸಬಹುದಾದ ಯಾವುದೇ ಮಾಹಿತಿಯೂ ಸಂದರ್ಭವೇ ಎಂಬುದು 2001ರಲ್ಲಿ ಅನಿಂದ್ ಡೇ ಅವರು ನೀಡಿದ ವ್ಯಾಖ್ಯಾನ. ಸ್ಥಳ, ಸಮಯ, ಬಳಕೆದಾರರ ಗುರುತು, ಹತ್ತಿರದಲ್ಲಿರುವ ಸಾಧನಗಳು ಇದರಲ್ಲಿ ಸೇರುತ್ತವೆ. ಮೊಬೈಲ್ ತಾನಾಗಿಯೇ ಇರುವ ಜಾಗವನ್ನು ಗುರುತಿಸಿ ಹತ್ತಿರದ ಸೇವಾ ಕೇಂದ್ರವನ್ನು ತೋರಿಸುವುದು ಈ ಬಗೆಯ ತಿಳಿವಳಿಕೆಯ ಫಲ.

2004ರಲ್ಲಿ ಪಾಲ್ ಡೌರಿಶ್ ಅವರು ಇದಕ್ಕೆ ಆಕ್ಷೇಪವೆತ್ತಿದರು. ಸಂದರ್ಭವೆಂಬುದು ಪೆಟ್ಟಿಗೆಯಲ್ಲಿ ತುಂಬಿಡಬಹುದಾದ ಮಾಹಿತಿಯಲ್ಲ. ಅದು ಚಟುವಟಿಕೆಯ ಜೊತೆಜೊತೆಗೇ ಹುಟ್ಟುತ್ತದೆ, ಯಾವುದು ಪ್ರಸ್ತುತ ಯಾವುದು ಅಪ್ರಸ್ತುತ ಎಂಬುದು ಕೆಲಸ ಮಾಡುವವರ ನಡುವೆ ಆಯಾ ಕ್ಷಣಕ್ಕೆ ತೀರ್ಮಾನವಾಗುತ್ತದೆ ಎಂಬುದು ಅವರ ವಾದದ ತಿರುಳು. ನಾಗರಿಕ ಸೇವೆಗಳ ಮಟ್ಟಿಗೆ ಈ ಎರಡನೆಯ ಅರ್ಥವೇ ಹೆಚ್ಚು ಸಮರ್ಪಕವೆಂದು ಹೇಳಬಹುದು. ಒಂದೇ ಆದಾಯ ಪ್ರಮಾಣಪತ್ರವನ್ನು ಒಬ್ಬರು ಸಾವಕಾಶವಾಗಿ ಪಡೆಯಲು ಬಂದಿರುತ್ತಾರೆ. ಇನ್ನೊಬ್ಬರಿಗೆ ಮಗಳ ಕಾಲೇಜು ಪ್ರವೇಶಕ್ಕೆ ನಾಳೆಯೇ ಕೊನೆಯ ದಿನ. ಸ್ಥಳ, ನಮೂನೆ, ಶುಲ್ಕ ಎಲ್ಲವೂ ಒಂದೇ. ಸಂದರ್ಭ ಒಂದೇ ಅಲ್ಲ.

ಅಂತರರಾಷ್ಟ್ರೀಯ ಮಾನಕ ಸಂಸ್ಥೆಯೂ ಇದನ್ನು ಗುರುತಿಸಿದೆ. ಮಾನವ ಕೇಂದ್ರಿತ ವಿನ್ಯಾಸ ವಿಧಾನವನ್ನು ಕುರಿತ ಐಎಸ್ಒ 13407 ಮಾನಕವು 1999ರಲ್ಲಿ ಪ್ರಕಟವಾಯಿತು. ಅದರ ಸ್ಥಾನದಲ್ಲಿ 2010ರಲ್ಲಿ ಐಎಸ್ಒ 9241-210 ಜಾರಿಗೆ ಬಂದು, 2019ರಲ್ಲಿ ಪರಿಷ್ಕೃತಗೊಂಡಿತು. ಬಳಕೆಯ ಸಂದರ್ಭವನ್ನು ಅರಿತು ನಿರೂಪಿಸುವುದು ಇದರಲ್ಲಿ ವಿನ್ಯಾಸದ ಒಂದು ವಿಧ್ಯುಕ್ತ ಹಂತವಾಗಿದೆ.

ಭೂಮಿ ಯೋಜನೆಯ ಪಾಠ

ಕರ್ನಾಟಕದ ಕಂದಾಯ ಇಲಾಖೆಯು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ತಾಂತ್ರಿಕ ನೆರವಿನೊಂದಿಗೆ ಅನುಷ್ಠಾನಗೊಳಿಸಿದ ಭೂಮಿ ಯೋಜನೆಯು ಈ ವಿಷಯವನ್ನು ಅರಿಯಲು ನಮ್ಮ ನಾಡಿನಲ್ಲಿಯೇ ದೊರೆಯುವ ಅತ್ಯುತ್ತಮ ಉದಾಹರಣೆ. ಯೋಜನೆಗೆ ಮುನ್ನ ಪಹಣಿಗಳು ರಾಜ್ಯದ ಸುಮಾರು 9,000 ಗ್ರಾಮ ಲೆಕ್ಕಿಗರ ವಶದಲ್ಲಿ ಕೈಬರಹದಲ್ಲಿದ್ದವು. ರೈತರಿಗೆ ಪಹಣಿಯ ನಕಲು ಬೇಕಾದಾಗ ಲೆಕ್ಕಿಗರು ಯಾವ ಊರಿನಲ್ಲಿದ್ದಾರೆಂದು ಹುಡುಕಿಕೊಂಡು ಹೋಗಬೇಕಿತ್ತು. ದೊರೆತರೂ ಕೈ ಬಿಸಿ ಮಾಡದೆ ಕೆಲಸವಾಗುವುದಿಲ್ಲವೆಂಬ ದೂರು ವ್ಯಾಪಕವಾಗಿತ್ತು. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಸುಮಾರು 67 ಲಕ್ಷ ರೈತರಿಗೆ ಸಂಬಂಧಿಸಿದ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಿ, 177 ತಾಲ್ಲೂಕು ಕೇಂದ್ರಗಳಲ್ಲಿ ಕಿಯಾಸ್ಕ್ ತೆರೆದು, ಆರಂಭದಲ್ಲಿ 15 ರೂಪಾಯಿ ಶುಲ್ಕಕ್ಕೆ ಪಹಣಿ ನೀಡುವ ವ್ಯವಸ್ಥೆ ಮಾಡಲಾಯಿತು. ಕೈಬರಹದ ಪಹಣಿಗೆ ಇದ್ದ ಮಾನ್ಯತೆಯನ್ನು ಹಿಂಪಡೆಯಲಾಯಿತು.

ಮಾಹಿತಿಯನ್ನು ಯಂತ್ರಕ್ಕೆ ತುಂಬಿದ್ದಷ್ಟೇ ಆಗಿದ್ದರೆ ಈ ಯೋಜನೆಯನ್ನು ಇಲ್ಲಿ ಪ್ರಸ್ತಾಪಿಸುವ ಅಗತ್ಯವಿರಲಿಲ್ಲ. ಇದರ ವಿನ್ಯಾಸದ ಕೆಲವು ಅಂಶಗಳು ಕಚೇರಿಯ ನಿಜವಾದ ವ್ಯವಹಾರವನ್ನು ಹತ್ತಿರದಿಂದ ಕಂಡವರಿಂದ ಬಂದಂತಹವು. ಕಿಯಾಸ್ಕಿನಲ್ಲಿ ಸಿಬ್ಬಂದಿಯ ಪರದೆಯ ಜೊತೆಗೆ ರೈತರ ಕಡೆಗೆ ಮುಖ ಮಾಡಿದ ಎರಡನೆಯ ಪರದೆಯನ್ನು ಇರಿಸಲಾಯಿತು. ಒಳಗೆ ಏನು ನಡೆಯುತ್ತಿದೆಯೆಂಬುದು ಹೊರಗೆ ನಿಂತವರಿಗೂ ಕಂಡಿತು. ಹೆಸರಿನಲ್ಲಿ ತಪ್ಪಿದ್ದರೆ ಅಲ್ಲಿಯೇ ಹೇಳಲು ಅವಕಾಶವಾಯಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ತೆಗೆದುಕೊಳ್ಳುವಂತೆ ತಂತ್ರಾಂಶವನ್ನು ರೂಪಿಸಿದ್ದರಿಂದ, ಪ್ರಭಾವಿಗಳ ಕಡತವನ್ನು ಮೇಲಕ್ಕೆ ಎಳೆಯುವುದು ಕಷ್ಟವಾಯಿತು. ಅಧಿಕಾರಿಗಳು ತಮ್ಮ ಬೆರಳಚ್ಚಿನ ಮೂಲಕವೇ ಒಳಪ್ರವೇಶಿಸಬೇಕಾದ್ದರಿಂದ, ಆದೇಶವನ್ನು ಯಾರು ಮಾಡಿದರೆಂಬುದು ದಾಖಲೆಯಲ್ಲಿ ಉಳಿಯಿತು. ಬೇರೆ ಯಾರೋ ಮಾಡಿದರು ಎನ್ನುವಂತಿರಲಿಲ್ಲ. ಈ ಮೂರೂ ಅಂಶಗಳು ತಂತ್ರಜ್ಞಾನದ ದೃಷ್ಟಿಯಿಂದ ಸಾಮಾನ್ಯವಾದವು. ಕಚೇರಿಯಲ್ಲಿ ಅಧಿಕಾರವು ಹೇಗೆ ಕೆಲಸ ಮಾಡುತ್ತದೆಂಬ ಅರಿವು ಮಾತ್ರ ಸಾಮಾನ್ಯವಾದುದಲ್ಲ.

ಇನ್ನೊಂದು ಮುಖವನ್ನೂ ಹೇಳದಿರಲಾಗದು. ಗ್ರಾಮ ಲೆಕ್ಕಿಗರ ಪುಸ್ತಕದಲ್ಲಿ ಇರದಿದ್ದರೂ ಅವರ ತಲೆಯಲ್ಲಿ ಇರುತ್ತಿದ್ದ ಸಂಗತಿಗಳು ಹಲವು: ಯಾವ ಹಿಸ್ಸೆಯನ್ನು ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಹಂಚಿಕೊಂಡಿದ್ದಾರೆ, ಯಾರು ಯಾರ ಜಮೀನಿನಲ್ಲಿ ವಾರಕ್ಕೆ ಉಳುಮೆ ಮಾಡುತ್ತಿದ್ದಾರೆ, ಯಾವ ಹೆಸರಿನ ಇಬ್ಬರು ಒಂದೇ ಊರಿನಲ್ಲಿದ್ದಾರೆ ಎಂಬಂಥವು. ಎಡ್ವಿನ್ ಹಚಿನ್ಸ್ ಎಂಬ ಸಂಶೋಧಕರು ಅಮೆರಿಕದ ನೌಕಾಪಡೆಯ ಹಡಗಿನಲ್ಲಿ ನಡೆಸಿದ ಅಧ್ಯಯನವನ್ನು ಆಧರಿಸಿ 1995ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಒಂದು ಕೆಲಸಕ್ಕೆ ಬೇಕಾದ ತಿಳಿವು ಒಬ್ಬರ ತಲೆಯಲ್ಲಿರದೆ ಹಲವು ಜನ, ಸಾಧನ ಮತ್ತು ದಾಖಲೆಗಳಲ್ಲಿ ಹರಡಿಕೊಂಡಿರುತ್ತದೆಂದು ತೋರಿಸಿದ್ದಾರೆ. ಭೂದಾಖಲೆಯೂ ಹಾಗೆಯೇ. ಅದರ ಒಂದು ಭಾಗವು ಯಂತ್ರಕ್ಕೆ ಬಂದಾಗ ಉಳಿದ ಭಾಗ ಬರಲಿಲ್ಲ. ಹಳೆಯ ಪುಸ್ತಕದಲ್ಲಿದ್ದ ತಪ್ಪುಗಳಾದರೋ ಹಾಗೆಯೇ ಬಂದವು, ಮತ್ತು ಅಚ್ಚಿನ ಗೌರವವನ್ನೂ ಪಡೆದವು. ಸೊಲೊಮನ್ ಬೆಂಜಮಿನ್ ಮತ್ತು ಸಹ ಸಂಶೋಧಕರು 2007ರ ತಮ್ಮ ಅಧ್ಯಯನ ಬರಹದಲ್ಲಿ, ಭೂದಾಖಲೆಯ ಕೇಂದ್ರೀಕರಣವು ಬೆಂಗಳೂರಿನ ಸುತ್ತಮುತ್ತ ಸಣ್ಣ ಹಿಡುವಳಿದಾರರಿಗಿಂತ ಭೂಮಾರುಕಟ್ಟೆಯ ದೊಡ್ಡ ವ್ಯವಹಾರಸ್ಥರಿಗೆ ಅನುಕೂಲವಾಯಿತೆಂದು ವಾದಿಸಿದರು. ಯೋಜನೆಯಿಂದ ರೈತರ ಅಲೆದಾಟ ತಗ್ಗಿದೆಯೆಂಬ ಮಾತೂ ಈ ಟೀಕೆಯೂ ಒಂದನ್ನೊಂದು ಸುಳ್ಳುಮಾಡುವುದಿಲ್ಲ. ಪಹಣಿಯ ನಕಲು ಪಡೆಯುವುದು ಒಂದು ಚಟುವಟಿಕೆ; ಜಮೀನನ್ನು ಉಳಿಸಿಕೊಳ್ಳುವುದು ಬೇರೊಂದು ಚಟುವಟಿಕೆ.

ಬಳಸುವವರು ಯಾರು?

ಪರದೆಯ ಮುಂದೆ ಕುಳಿತವರೇ ಬಳಕೆದಾರರು ಎಂಬುದು ಗಣಕ ವಿನ್ಯಾಸದ ಹಳೆಯ ನಂಬಿಕೆ. ನಮ್ಮಲ್ಲಿ ಈ ನಂಬಿಕೆ ಬಹಳ ಮಟ್ಟಿಗೆ ನಿಲ್ಲುವುದಿಲ್ಲ. ಬೆಂಗಳೂರಿನ ಕೊಳೆಗೇರಿಗಳಲ್ಲಿ ಕ್ಷೇತ್ರಕಾರ್ಯ ನಡೆಸಿ ನಿತ್ಯಾ ಸಾಂಬಶಿವನ್, ಎಡ್ ಕಟ್ರೆಲ್, ಕೆಂಟಾರೊ ಟೊಯಾಮಾ ಮತ್ತು ಬಾನಿ ನಾರ್ಡಿ ಅವರು 2010ರಲ್ಲಿ ಪ್ರಕಟಿಸಿದ ಸಂಶೋಧನೆಯು ಮತ್ತೊಬ್ಬರ ಮೂಲಕ ತಂತ್ರಜ್ಞಾನವನ್ನು ಬಳಸುವ ಮೂರು ಬಗೆಗಳನ್ನು ಗುರುತಿಸಿತು. ಬಳಕೆದಾರರ ಪರವಾಗಿ ಇನ್ನೊಬ್ಬರು ಇಡೀ ಕೆಲಸವನ್ನು ತಾವೇ ಮಾಡುವುದು. ಪಕ್ಕದಲ್ಲಿ ಕುಳಿತು ಬೇಕಾದಷ್ಟು ಕೈ ಜೋಡಿಸುವುದು. ಪರದೆಯಲ್ಲಿರುವುದನ್ನು ಅರ್ಥವಾಗುವ ಮಾತಿನಲ್ಲಿ ತಿಳಿಸಿ ಹೇಳುವುದು. ಓದುಬಲ್ಲ ಮಗಳು, ಪಕ್ಕದ ಮನೆಯವರು, ಅಂಗಡಿಯ ಹುಡುಗ, ಸೇವಾ ಕೇಂದ್ರದ ನಿರ್ವಾಹಕರು ಹೀಗೆ ನಡುವೆ ನಿಲ್ಲುವವರು ಅನೇಕ.

ಇದರಿಂದ ಒದಗುವ ಅನುಕೂಲ ದೊಡ್ಡದು, ಅಪಾಯವೂ ಸಣ್ಣದಲ್ಲ. ಅರ್ಜಿಯಲ್ಲಿ ನಿರ್ವಾಹಕರ ಅಥವಾ ಅಂಗಡಿಯವರ ಮೊಬೈಲ್ ಸಂಖ್ಯೆಯನ್ನು ನಮೂದಿಸಿದ್ದರೆ, ಒಂದು ಬಾರಿಯ ಗುಪ್ತಸಂಖ್ಯೆಯೂ ಅರ್ಜಿ ತಿರಸ್ಕೃತವಾದ ಸಂದೇಶವೂ ಅವರಿಗೇ ಹೋಗುತ್ತವೆ. ದಾಖಲೆಯ ಪ್ರಕಾರ ಅರ್ಜಿದಾರರಿಗೆ ತಿಳಿಸಲಾಗಿದೆ. ವಾಸ್ತವದಲ್ಲಿ ಅವರಿಗೆ ಏನೂ ತಿಳಿದಿರುವುದಿಲ್ಲ.

ಅಕ್ಷರ ಬಾರದವರಿಗೆ ಚಿತ್ರಗಳ ಮೂಲಕ ಮಾಹಿತಿ ನೀಡುವ ಪ್ರಯತ್ನವೂ ಬೆಂಗಳೂರಿನಲ್ಲಿಯೇ ನಡೆದಿದೆ. ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದ ಇಂದ್ರಾಣಿ ಮೇಧಿ ಮತ್ತು ಸಂಗಡಿಗರು ಮನೆಗೆಲಸದ ಮಹಿಳೆಯರೊಡನೆ ಕುಳಿತು ಉದ್ಯೋಗ ಮಾಹಿತಿಯ ಪರದೆಯೊಂದನ್ನು ರೂಪಿಸಿ, 2006ರಲ್ಲಿ ಅದರ ವಿವರಗಳನ್ನು ಪ್ರಕಟಿಸಿದರು. ಪಾತ್ರೆ ತೊಳೆಯುವ ಕೆಲಸವನ್ನು ಸೂಚಿಸಲು ಪಾತ್ರೆಗಳ ಚಿತ್ರವಷ್ಟೇ ಸಾಲಲಿಲ್ಲ. ನಲ್ಲಿಯಿಂದ ನೀರು ಬೀಳುತ್ತಿರುವಂತೆ ತೋರಿಸಿದಾಗ ಅದು ಕೆಲಸವೆಂದು ಅರ್ಥವಾಯಿತು. ಮುಂದಿನ ಅಧ್ಯಯನದಲ್ಲಿ ಅವರು ಕಂಡುಕೊಂಡದ್ದು ಇನ್ನೂ ಗಮನಾರ್ಹ. ಯಾವ ಗುಂಡಿ ಒತ್ತಬೇಕೆಂಬುದಕ್ಕಿಂತ, ಈ ಪೆಟ್ಟಿಗೆಯೊಳಗೆ ಕೆಲಸದ ಮಾಹಿತಿ ಎಲ್ಲಿಂದ ಬಂತು, ಅದನ್ನು ಯಾರು ಹಾಕಿದರು, ಯಾಕೆ ಹಾಕಿದರು ಎಂಬುದೇ ತಿಳಿಯದೆ ಜನ ಹಿಂಜರಿಯುತ್ತಿದ್ದರು. ಕೆಲಸ ಕೊಡುವವರು ಮತ್ತು ಕೆಲಸ ಹುಡುಕುವವರ ನಡುವೆ ಮಾಹಿತಿ ಹೇಗೆ ಸಾಗುತ್ತದೆಂಬುದನ್ನು ಕಥೆಯ ರೂಪದಲ್ಲಿ ತೋರಿಸುವ ಕಿರುಚಿತ್ರವನ್ನು ಮೊದಲಿಗೆ ಸೇರಿಸಿದಾಗ ಬಳಕೆ ಸುಗಮವಾಯಿತು.

ಹೆಸರು, ಹುಟ್ಟಿದ ದಿನ, ಬೆರಳಚ್ಚು

ವಿನ್ಯಾಸಕಾರರ ಊಹೆ ಮತ್ತು ನಾಗರಿಕರ ಬದುಕು ಅತಿ ಹೆಚ್ಚು ಬಾರಿ ಡಿಕ್ಕಿ ಹೊಡೆಯುವ ಸ್ಥಳ ಹೆಸರಿನ ಕಾಲಂ. ಮೊದಲ ಹೆಸರು ಮತ್ತು ಕುಲನಾಮವೆಂದು ಎರಡು ಪೆಟ್ಟಿಗೆಗಳನ್ನಿಟ್ಟು, ಎರಡನ್ನೂ ತುಂಬಲೇಬೇಕೆಂದರೆ ನಮ್ಮ ನಾಡಿನ ಅನೇಕರಿಗೆ ದಾರಿಯೇ ಇಲ್ಲ. ಊರಿನ ಮೊದಲಕ್ಷರ, ತಂದೆಯ ಹೆಸರಿನ ಮೊದಲಕ್ಷರ, ಆಮೇಲೆ ತಮ್ಮ ಹೆಸರು ಎಂಬುದು ಹಳೆಯ ಮೈಸೂರು ಭಾಗದಲ್ಲಿ ಸಾಮಾನ್ಯ ರೂಢಿ. ಉತ್ತರ ಕರ್ನಾಟಕದಲ್ಲಿ ಮನೆತನದ ಹೆಸರು ಕೊನೆಯಲ್ಲಿ ಬರುತ್ತದೆ. ಒಂದೇ ಪದದ ಹೆಸರಿರುವವರೂ ಇದ್ದಾರೆ. ಇದರ ಮೇಲೆ ಲಿಪಿಯ ತೊಡಕು. ಕನ್ನಡದಲ್ಲಿ ಮಂಜುನಾಥ ಎಂದು ಒಂದೇ ರೀತಿ ಬರೆಯುವ ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿ ಕೊನೆಯ ಸ್ವರದೊಡನೆಯೂ ಇಲ್ಲದೆಯೂ ಎರಡು ರೀತಿ ಬರುತ್ತದೆ. ಸಿದ್ದಯ್ಯ, ಸಿದ್ಧಯ್ಯ ಎಂಬ ವ್ಯತ್ಯಾಸ ಊರಿನವರ ಕಣ್ಣಿಗೆ ವ್ಯತ್ಯಾಸವೇ ಅಲ್ಲ. ಅಕ್ಷರ ಅಕ್ಷರಕ್ಕೆ ತಾಳೆ ಹಾಕುವ ತಂತ್ರಾಂಶಕ್ಕೆ ಇವರು ಇಬ್ಬರು ಬೇರೆ ಬೇರೆ ವ್ಯಕ್ತಿಗಳು.

ಹುಟ್ಟಿದ ದಿನದ ವಿಷಯದಲ್ಲಿಯೂ ಹೀಗೆಯೇ. ಜನನ ಪ್ರಮಾಣಪತ್ರ ಇಲ್ಲದ ತಲೆಮಾರಿನವರಿಗೆ ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಎಂದು ಬರೆದುಕೊಂಡದ್ದೇ ಜನ್ಮದಿನವಾಗಿರುತ್ತದೆ. ಶಾಲೆಗೆ ಹೋಗದವರಿಗೆ ಅದೂ ಇಲ್ಲ.

ಬೆರಳಚ್ಚಿನ ಸಮಸ್ಯೆ ಇನ್ನೂ ನೋವಿನದು; ಏಕೆಂದರೆ ಹೆಚ್ಚು ದುಡಿದ ಕೈಗಳೇ ಯಂತ್ರಕ್ಕೆ ಗುರುತು ಸಿಗದ ಕೈಗಳು. ಗಾರೆ ಕೆಲಸ, ಕಲ್ಲು ಕೆಲಸ, ಕೃಷಿ ಕೂಲಿ ಮಾಡುವವರ ಬೆರಳಿನ ಗೆರೆಗಳು ಸವೆದಿರುತ್ತವೆ. ವಯಸ್ಸಾದಂತೆಯೂ ಅವು ಮಸುಕಾಗುತ್ತವೆ. ಪಡಿತರ ವಿತರಣೆಯಲ್ಲಿ ದೃಢೀಕರಣ ವಿಫಲವಾದಾಗ ಅನುಸರಿಸಬೇಕಾದ ವಿನಾಯಿತಿ ಕ್ರಮಗಳನ್ನು ಕುರಿತು ಭಾರತೀಯ ವಿಶಿಷ್ಟ ಗುರುತಿನ ಪ್ರಾಧಿಕಾರವು 24 ಅಕ್ಟೋಬರ್ 2017ರಂದು ಸುತ್ತೋಲೆ ಹೊರಡಿಸಿದೆ. ಕಣ್ಣಿನ ಪಾಪೆಯ ಗುರುತು, ನೋಂದಾಯಿತ ಮೊಬೈಲಿಗೆ ಬರುವ ಗುಪ್ತಸಂಖ್ಯೆ, ಮುಖ ದೃಢೀಕರಣ ಮೊದಲಾದ ಬದಲಿ ವಿಧಾನಗಳೂ ಇವೆ. ಆಧಾರ್ ಅಧಿನಿಯಮ, 2016ರ 7ನೇ ಪ್ರಕರಣದ ಪ್ರಕಾರ, ಆಧಾರ್ ಸಂಖ್ಯೆ ಇನ್ನೂ ದೊರೆಯದ ವ್ಯಕ್ತಿಗೆ ಸೌಲಭ್ಯ ಪಡೆಯಲು ಗುರುತಿನ ಪರ್ಯಾಯ ವಿಧಾನವನ್ನು ಒದಗಿಸತಕ್ಕದ್ದು. ಯಂತ್ರವು ಬೆರಳನ್ನು ಗುರುತಿಸಲಿಲ್ಲವೆಂಬುದು ವ್ಯಕ್ತಿಯು ಅನರ್ಹರೆಂಬುದಕ್ಕೆ ಸಾಕ್ಷಿಯಲ್ಲ.

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016 ಸೇವೆಗಳು ಸುಗಮವಾಗಿ ಎಟಕುವಂತಿರಬೇಕೆಂದು ವಿಧಿಸುತ್ತದೆ. ಸರ್ಕಾರಿ ಜಾಲತಾಣಗಳಿಗೆ 2009ರಲ್ಲಿ ಮೊದಲು ಹೊರಬಂದ ಕೇಂದ್ರ ಮಾರ್ಗಸೂಚಿಗಳು 2023ರಲ್ಲಿ ಮೂರನೆಯ ಆವೃತ್ತಿಯಲ್ಲಿ ಪ್ರಕಟವಾಗಿವೆ.

ಅರ್ಜಿದಾರರ ಗಮನಕ್ಕೆ

ಯಂತ್ರಕ್ಕೆ ಕಾಣದ ಸಂಗತಿಯನ್ನು ಬರಹದಲ್ಲಿ ಕಾಣುವಂತೆ ಮಾಡುವುದು ಅರ್ಜಿದಾರರ ಕೈಯಲ್ಲಿರುವ ಮುಖ್ಯ ಉಪಾಯ. ಹೆಸರಿನಲ್ಲಿ ವ್ಯತ್ಯಾಸವಿದ್ದಲ್ಲಿ, ಎರಡೂ ಹೆಸರುಗಳು ಒಬ್ಬರದೇ ಎಂಬ ಪ್ರಮಾಣಪತ್ರವನ್ನು ಅರ್ಜಿಯೊಡನೆಯೇ ಲಗತ್ತಿಸುವುದು ಸೂಕ್ತ. ಕೌಂಟರಿನಲ್ಲಿ ಬಾಯಿಮಾತಿನಲ್ಲಿ ವಿವರಿಸಿದ್ದು ಕಡತದೊಂದಿಗೆ ಮುಂದಕ್ಕೆ ಹೋಗುವುದಿಲ್ಲ. ಪೌತಿ ಖಾತೆಯ ಅರ್ಜಿಯಲ್ಲಿ ವಾರಸುದಾರರಲ್ಲೊಬ್ಬರು ದೂರವಿದ್ದರೆ ಅಥವಾ ಸಹಕರಿಸದಿದ್ದರೆ, ಆ ಸಂಗತಿಯನ್ನು ಬಿಟ್ಟುಬಿಡದೆ ಪ್ರತ್ಯೇಕ ಮನವಿಯಲ್ಲಿ ಬರೆದು ಸಲ್ಲಿಸಿ, ಅದಕ್ಕೂ ಸ್ವೀಕೃತಿ ಪಡೆಯಬೇಕು. ವಂಶವೃಕ್ಷದಿಂದ ಹೆಸರನ್ನು ಕೈಬಿಡುವುದು ಸರಿಯಾದ ಮಾರ್ಗವಲ್ಲ; ಅದು ಮುಂದೆ ಆಕ್ಷೇಪಣೆಗೂ ವ್ಯಾಜ್ಯಕ್ಕೂ ದಾರಿಯಾಗುತ್ತದೆ.

ಮತ್ತೊಬ್ಬರ ನೆರವಿನಿಂದ ಅರ್ಜಿ ಸಲ್ಲಿಸುವವರು ಮೊಬೈಲ್ ಸಂಖ್ಯೆಯ ಕಾಲಂನಲ್ಲಿ ತಮ್ಮದೇ ಅಥವಾ ಒಂದೇ ಮನೆಯಲ್ಲಿರುವವರ ಸಂಖ್ಯೆಯನ್ನು ಕೊಡತಕ್ಕದ್ದು. ಗುಪ್ತಸಂಖ್ಯೆಯನ್ನು ಹೇಳುವ ಮುನ್ನ ಅದು ಯಾವ ಕೆಲಸಕ್ಕೆ ಬಂದದ್ದೆಂದು ನೆರವು ನೀಡುತ್ತಿರುವವರನ್ನು ಕೇಳಲು ಸಂಕೋಚಪಡಬೇಕಾಗಿಲ್ಲ. ಸಲ್ಲಿಸುವ ಗುಂಡಿಯನ್ನು ಒತ್ತುವ ಮುಂಚೆ ಪರದೆಯಲ್ಲಿರುವುದನ್ನು ಗಟ್ಟಿಯಾಗಿ ಓದಿಸಿಕೊಳ್ಳುವುದು ಒಳ್ಳೆಯ ಅಭ್ಯಾಸ. ಎದುರಿನ ಪರದೆ ಇಲ್ಲದಲ್ಲಿ ಇದೇ ಎರಡನೆಯ ಪರದೆ.

ಬೆರಳಚ್ಚು ದೃಢೀಕರಣವು ವಿಫಲವಾದಲ್ಲಿ ಬದಲಿ ವಿಧಾನವನ್ನು ಅಲ್ಲಿಯೇ ಕೋರಬಹುದು. ಪದೇ ಪದೇ ವಿಫಲವಾಗುತ್ತಿದ್ದರೆ ಆಧಾರ್ ನೋಂದಣಿ ಕೇಂದ್ರದಲ್ಲಿ ಬಯೋಮೆಟ್ರಿಕ್ ವಿವರಗಳನ್ನು ನವೀಕರಿಸಿಕೊಳ್ಳುವುದು ಅಗತ್ಯ. ತಿರಸ್ಕೃತ ಅರ್ಜಿಯ ವಿಷಯದಲ್ಲಿ ಕಾರಣವನ್ನು ಲಿಖಿತವಾಗಿ ಪಡೆದು, ಅದು ಅರ್ಹತೆಗೆ ಸಂಬಂಧಿಸಿದ್ದೇ, ದಾಖಲೆಗೆ ಸಂಬಂಧಿಸಿದ್ದೇ ಅಥವಾ ನಮೂದಿನ ವ್ಯತ್ಯಾಸಕ್ಕೆ ಸಂಬಂಧಿಸಿದ್ದೇ ಎಂಬುದನ್ನು ಮೊದಲು ನೋಡಬೇಕು. ಕೊನೆಯ ಎರಡಕ್ಕೆ ಸರಿಪಡಿಸಿದ ವಿವರಗಳೊಂದಿಗೆ ಮತ್ತೆ ಅರ್ಜಿ ಸಲ್ಲಿಸಿದರೆ ಸಾಮಾನ್ಯವಾಗಿ ಸಾಕಾಗುತ್ತದೆ. ಮೊದಲನೆಯದಕ್ಕೆ ಮೇಲ್ಮನವಿಯೇ ದಾರಿ.

ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ಅಡಿಯಲ್ಲಿ, ಅಂದರೆ 2012ರಿಂದ ಜಾರಿಯಲ್ಲಿರುವ ಸಕಾಲ ವ್ಯವಸ್ಥೆಯಲ್ಲಿ, ಅಧಿಸೂಚಿತ ಸೇವೆಗಳಿಗೆ ಸಲ್ಲಿಸಿದ ಪ್ರತಿ ಅರ್ಜಿಗೂ 15 ಅಂಕಿಗಳ ಸ್ವೀಕೃತಿ ಸಂಖ್ಯೆ ದೊರೆಯುತ್ತದೆ. ಸ್ವೀಕೃತಿಯನ್ನು ಪಡೆಯದೆ ಕೌಂಟರನ್ನು ಬಿಡಬಾರದು. ನಿಗದಿತ ಅವಧಿಯೊಳಗೆ ಸೇವೆ ದೊರೆಯದಿದ್ದಲ್ಲಿ ಅಥವಾ ಅರ್ಜಿಯು ತಿರಸ್ಕೃತವಾದಲ್ಲಿ ಇದೇ ಸಂಖ್ಯೆಯನ್ನು ನಮೂದಿಸಿ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ವಿಳಂಬಕ್ಕೆ ದಿನವೊಂದಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿಗಳವರೆಗೆ ಪರಿಹಾರ ವೆಚ್ಚವನ್ನು ಕೋರಲು ಅಧಿನಿಯಮದಲ್ಲಿ ಅವಕಾಶವಿರುತ್ತದೆ.